ವೀರನಾರಿಯ ಉಡಿಗೆಯೂ ನೋಡುವವರ ಕಣ್ಣೂ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಉಣ್ಣುವುದನ್ನು ನಮ್ಮ ನಾಲಗೆಯು ಗೊತ್ತುಮಾಡಬಹುದು. ಉಟ್ಟು ತೊಟ್ಟು ಹೊರಗೆ ಬರುವಾಗ ಮಾತ್ರ ನೆರೆಹೊರೆಯವರ ಕಣ್ಣಿಗೆ ಒಪ್ಪುವಂತಿರಬೇಕೆಂದು ಅದರ ತಾತ್ಪರ್ಯ. ರಕ್ತಮಾಂಸಗಳುಳ್ಳ ಮನುಷ್ಯರಿಗೆ ಈ ಕಟ್ಟಳೆಯು ತಪ್ಪದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕಾಗದದ ಮೇಲೆ ಬಣ್ಣದಿಂದ ಬರೆದ ಒಬ್ಬ ಕಲ್ಪಿತ ಸ್ತ್ರೀಗೂ ಅದು ತಪ್ಪಲಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಮೆರಿಕಾ ದೇಶದಲ್ಲಿ 1941ರಲ್ಲಿ ಹುಟ್ಟಿದ 'ವಂಡರ್ ವುಮನ್', ಎಂದರೆ ಅದ್ಭುತ ನಾರಿ, ಎಂಬ ವೀರಾಂಗನೆಯ ಪಾಡು ಹೀಗಾಯಿತು. ಆಕೆಯು ಏನನ್ನು ಉಡಬೇಕು, ಚಲನಚಿತ್ರದಲ್ಲಿ ಆಕೆಯ ವೇಷವನ್ನು ಯಾರು ಧರಿಸಬೇಕು ಎಂಬ ಎರಡು ಪ್ರಶ್ನೆಗಳ ಸಲುವಾಗಿ ಎಂಟು ದಶಕಗಳಿಂದ ನಡೆದ ವಾಗ್ವಾದವು ಬರಿಯ ಮಕ್ಕಳಾಟವೆಂದು ತೋರಬಹುದು. ಒಳಹೊಕ್ಕು ನೋಡಿದರೆ, ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟ ಒಂದು ವಿಷಯವು ಅದರಲ್ಲಿ ಅಡಗಿರುವುದು.

ಮೊದಲು ಈಕೆಯ ಪರಿಚಯವನ್ನು ಮಾಡಿಕೊಳ್ಳೋಣ. ಚಿತ್ರಗಳ ಮೂಲಕವೇ ಕಥೆಯನ್ನು ನಡೆಸುವ ತೆಳ್ಳನೆಯ ಪುಸ್ತಕಗಳು 1930ರ ದಶಕದಲ್ಲಿ ಅಮೆರಿಕಾದಲ್ಲಿ ಬಹಳವಾಗಿ ಹಬ್ಬಿದವು. ಪುಟವೊಂದಕ್ಕೆ ಕೆಲವು ಚೌಕಗಳು, ಚೌಕಕ್ಕೊಂದು ಚಿತ್ರ, ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗೆ ಅದರ ಮಾತು. ಬೆಲೆ ಹತ್ತು ಸೆಂಟು. 1938ರಲ್ಲಿ ಸೂಪರ್‌ಮ್ಯಾನ್ ಎಂಬ ಅತಿಮಾನುಷ ವೀರನೂ, 1939ರಲ್ಲಿ ಬ್ಯಾಟ್‌ಮ್ಯಾನ್ ಎಂಬವನೂ ಇಂಥ ಪುಸ್ತಕಗಳಲ್ಲಿ ಕಾಣಿಸಿಕೊಂಡು ಮಕ್ಕಳ ಮನಸ್ಸನ್ನು ಸೂರೆಗೊಂಡರು. ಹಿರಿಯರಲ್ಲಿ ಅನೇಕರಿಗೆ ಈ ಹುಚ್ಚು ಹಿಡಿಸಲಿಲ್ಲ. ಆ ಸಮಯದಲ್ಲಿ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞನು ಈ ಪುಸ್ತಕಗಳ ಪಕ್ಷವನ್ನು ವಹಿಸಿ, ಗೃಹಿಣಿಯರು ಓದುತ್ತಿದ್ದ 'ಫ್ಯಾಮಿಲಿ ಸರ್ಕಲ್' ಎಂಬ ಪತ್ರಿಕೆಯಲ್ಲಿ 1940ರಲ್ಲಿ ತನ್ನ ಅಭಿಪ್ರಾಯವನ್ನು ತಿಳಿಸಿದನು. ಸುಳ್ಳು ಹೇಳುವವನ ರಕ್ತದೊತ್ತಡವು ಏರುವುದನ್ನು ಅಳೆದು ಸುಳ್ಳನ್ನು ಕಂಡುಹಿಡಿಯಬಹುದೆಂದು ಪ್ರಯೋಗಗಳನ್ನು ನಡೆಸಿದವನೂ ಈತನೇ. ಪತ್ರಿಕೆಯ ಲೇಖನವನ್ನು ಕಂಡ ಪ್ರಕಾಶಕ ಮ್ಯಾಕ್ಸ್ ಗೇನ್ಸ್ ಎಂಬವನು ಮಾರ್ಸ್ಟನ್ನನನ್ನು ತನ್ನ ಸಲಹೆಗಾರನನ್ನಾಗಿ ನೇಮಿಸಿಕೊಂಡನು.

ಈ ಪುಸ್ತಕಗಳಲ್ಲಿ ಗಂಡಸಿನ ಒರಟುತನವೇ ಅತಿಯಾಗಿದೆ. ಬಲವೂ ಪ್ರೀತಿಯೂ ಕೂಡಿದ, ಹೆಣ್ಣುಮಕ್ಕಳು ಮೆಚ್ಚಿ ತಾವೂ ಹಾಗಾಗಬೇಕೆಂದು ಬಯಸಬಹುದಾದ ಒಬ್ಬ ನಾಯಿಕೆಯು ಬೇಕು ಎಂಬುದು ಮಾರ್ಸ್ಟನ್ನನ ಮತವಾಗಿದ್ದಿತು. ಅದರ ಫಲವೇ ಈ ಅದ್ಭುತ ನಾರಿ. ಕಥೆಯನ್ನು ಆತನು ಬರೆದನು. ಚಿತ್ರಗಳನ್ನು ಹ್ಯಾರಿ ಪೀಟರ್ ಎಂಬ ಕಲೆಗಾರನು ಬರೆದನು. ಗ್ರೀಕರ ಪುರಾಣಗಳಲ್ಲಿ ಅಮೆಜಾನರೆಂಬ ಸ್ತ್ರೀಯೋಧರ ಕುಲವೊಂದುಂಟು. ಆ ಕುಲದ ರಾಣಿಯಾದ ಹಿಪ್ಪೊಲಿಟಾ ಎಂಬವಳ ಮಗಳೇ ಡಯಾನಾ. ಗಂಡಸರು ಕಾಲಿಡದ ದ್ವೀಪದಲ್ಲಿ ಬೆಳೆದ ಈ ರಾಜಪುತ್ರಿಯು, ಅಲ್ಲಿ ವಿಮಾನವು ಕೆಡೆದು ಗಾಯಗೊಂಡ ಅಮೆರಿಕಾದ ಒಬ್ಬ ಯೋಧನನ್ನು ಕಾಪಾಡಿ, ಅವನೊಡನೆ ಹೊರಗಿನ ಲೋಕಕ್ಕೆ ಬಂದು ಅನ್ಯಾಯದೊಡನೆ ಹೋರಾಡುವಳು. ಹಾರಿಬರುವ ಗುಂಡುಗಳನ್ನು ತನ್ನ ಕೈಕಡಗಗಳಿಂದ ತಡೆಯುವಳು. ಆಕೆಯ ಚಿನ್ನದ ಪಾಶಕ್ಕೆ ಸಿಕ್ಕವನು ಆಕೆಯ ಮಾತನ್ನು ಮೀರಲಾರನು. ಮುಂದಿನ ಕಥೆಗಳಲ್ಲಿ ಆ ಪಾಶವು ಸಿಕ್ಕವರ ಬಾಯಿಂದ ನಿಜವನ್ನೇ ಹೊರಡಿಸುವುದಕ್ಕೆ ಪ್ರಸಿದ್ಧವಾಯಿತು.

ಇನ್ನು ಉಡಿಗೆಯ ಮಾತು. ಹ್ಯಾರಿ ಪೀಟರನು ಬರೆದ ಮೊದಲ ಚಿತ್ರದಲ್ಲಿ ಆಕೆಗೆ ಕೆಂಪು ಕಂಚುಕ, ಅದರ ಮೇಲೆ ಚಿನ್ನದ ಬಣ್ಣದ ಗರುಡ, ಬಿಳಿಯ ನಕ್ಷತ್ರಗಳುಳ್ಳ ನೀಲಿಯ ಲಂಗ, ಕೆಂಪು ಬೂಟ್ಸು, ಹಣೆಯ ಮೇಲೆ ನಕ್ಷತ್ರವುಳ್ಳ ಚಿನ್ನದ ಪಟ್ಟಿ ಇದ್ದವು. ಯುದ್ಧದ ಕಾಲವಾದುದರಿಂದ ಅಮೆರಿಕಾದ ಧ್ವಜದ ಬಣ್ಣಗಳೇ ಆಕೆಯ ಉಡಿಗೆಯ ಬಣ್ಣಗಳಾದವು. ಸ್ವಲ್ಪ ಕಾಲದಲ್ಲಿಯೇ ಲಂಗವು ಹೋಗಿ ಚಲ್ಲಣವು ಬಂದಿತು. ಬರಬರುತ್ತ ಚಲ್ಲಣವೂ ಕಿರಿದಾಯಿತು. ಯಕ್ಷಗಾನದ ಬಯಲಾಟದಲ್ಲಿ ವೇಷವು ರಂಗಕ್ಕೆ ಬಂದೊಡನೆ, ಅದು ಬಾಯಿಬಿಡುವ ಮೊದಲೇ, ಇವನು ರಾಜ, ಇವನು ರಾಕ್ಷಸ ಎಂದು ನಮ್ಮ ಹಳ್ಳಿಯ ಮುದುಕರು ಹೇಳಬಲ್ಲರಷ್ಟೆ. ಹಾಗೆಯೇ ಈ ಕೆಂಪು, ನೀಲಿ, ಚಿನ್ನಗಳ ಮೇಳವನ್ನು ಕಂಡೊಡನೆ ಅಮೆರಿಕಾದ ಮಗುವು ಆಕೆಯನ್ನು ಗುರುತಿಸುತ್ತಿದ್ದಿತು. ಆದಕಾರಣ ಆ ಉಡಿಗೆಯನ್ನು ಮುಟ್ಟುವುದು ಬರಿಯ ಬಟ್ಟೆಯನ್ನು ಮುಟ್ಟುವುದಲ್ಲ. ನೋಡುವವರ ನೆನಪನ್ನೇ ಮುಟ್ಟುವುದು.

ಆಕ್ಷೇಪಣೆಯು ಆಕೆಯೊಡನೆಯೇ ಹುಟ್ಟಿತೆಂದರೆ ಸಲ್ಲುವುದು. ಸಭ್ಯ ಸಾಹಿತ್ಯದ ರಕ್ಷಣೆಗಾಗಿ ಅಮೆರಿಕಾದಲ್ಲಿ ಏರ್ಪಟ್ಟಿದ್ದ ಒಂದು ಕ್ರೈಸ್ತ ಸಂಸ್ಥೆಯು 1942ರ ಮಾರ್ಚ್ ತಿಂಗಳಲ್ಲಿ, ಎಳೆಯರು ಓದಬಾರದ ಪುಸ್ತಕಗಳ ತನ್ನ ಪಟ್ಟಿಗೆ ಈಕೆಯ ಕಥೆಗಳು ಬರುತ್ತಿದ್ದ 'ಸೆನ್ಸೇಷನ್ ಕಾಮಿಕ್ಸ್' ಎಂಬುದನ್ನು ಸೇರಿಸಿತು. ನಾಯಿಕೆಯು ಮೈತುಂಬ ಬಟ್ಟೆಯನ್ನು ತೊಟ್ಟಿಲ್ಲವೆಂಬುದೊಂದೇ ಕಾರಣ. ಇದು ಹಿರಿಯರ ಮಾತು. ಕಿರಿಯರು ಏನೆಂದರು? ಅದಕ್ಕೂ ಲೆಕ್ಕವುಂಟು. ವೀರರೆಲ್ಲರೂ ಕೂಡಿದ ನ್ಯಾಯಸಂಘವೊಂದು ಆ ಕಥೆಗಳಲ್ಲಿದ್ದಿತು. ಹೆಂಗಸಾದ ಈಕೆಯನ್ನು ಅದರ ಸದಸ್ಯಳನ್ನಾಗಿ ಸೇರಿಸಬಹುದೇ ಎಂದು ಗೇನ್ಸನು ಓದುಗರ ಮತವನ್ನು ಕೇಳಿದನು. ಮೊದಲು ಬಂದ 1,801 ಉತ್ತರಗಳಲ್ಲಿ 1,265 ಹುಡುಗರೂ 333 ಹುಡುಗಿಯರೂ ಸೇರಿಸಬಹುದೆಂದರು. 197 ಹುಡುಗರು ಮತ್ತು ಕೇವಲ 6 ಹುಡುಗಿಯರು ಬೇಡವೆಂದರು. ಮಕ್ಕಳು ಇಷ್ಟು ಉದಾರವಾಗಿ ತೀರ್ಪನ್ನಿತ್ತರೂ, ದೊಡ್ಡವರು ಆಕೆಯನ್ನು ಸಂಘಕ್ಕೆ ಸೇರಿಸಿದುದು ಕಾರ್ಯದರ್ಶಿಯ ಕೆಲಸಕ್ಕೆ! ಗಂಡಸರು ಯುದ್ಧಕ್ಕೆ ಹೊರಟಾಗ ಲೋಕವನ್ನೇ ಎತ್ತಬಲ್ಲ ಈ ವೀರನಾರಿಯು ಕಾಗದಪತ್ರಗಳನ್ನು ನೋಡಿಕೊಂಡು ಹಿಂದೆ ಉಳಿಯಬೇಕಾಯಿತು. ನಗೆಯೂ ಬರುವುದು, ವ್ಯಸನವೂ ಆಗುವುದು.

ಮಾರ್ಸ್ಟನ್ನನು 1947ರಲ್ಲಿ ತೀರಿಕೊಂಡನು. ಆತನ ತರುವಾಯ ಬೇರೆ ಬೇರೆ ಕೈಗಳಲ್ಲಿ ನಾಯಿಕೆಯು ಬೇರೆ ಬೇರೆ ರೂಪಗಳನ್ನು ತಾಳಿದಳು. ಅವುಗಳಲ್ಲೆಲ್ಲ ದೊಡ್ಡ ಮಾರ್ಪಾಟು ನಡೆದುದು 1968ರಲ್ಲಿ. ಪುಸ್ತಕಗಳ ಮಾರಾಟವು ಇಳಿಮುಖವಾಗಿದ್ದುದರಿಂದ, ಹೊಸ ಕಾಲದ ಹೆಣ್ಣನ್ನು ತೋರಿಸಬೇಕೆಂದು ಅದರ ಲೇಖಕರು ಯೋಚಿಸಿದರು. ಡಯಾನಾ ತನ್ನ ಅತಿಮಾನುಷ ಶಕ್ತಿಯನ್ನು ಬಿಟ್ಟುಕೊಟ್ಟು, ನಕ್ಷತ್ರದ ಉಡಿಗೆಯನ್ನು ಕಳಚಿ, ಬಿಳಿಯ ಬಟ್ಟೆಗಳನ್ನು ತೊಟ್ಟು, ಉಡುಪುಗಳನ್ನು ಮಾರುವ ಅಂಗಡಿಯನ್ನಿಟ್ಟು, ಮುದಿ ಗುರುವೊಬ್ಬನಿಂದ ಕೈಕಾಳಗದ ವಿದ್ಯೆಯನ್ನು ಕಲಿತಳು. ಈ ಸಲ ಬಟ್ಟೆಯು ಮೈತುಂಬ ಇದ್ದಿತು. ಹಾಗಿದ್ದರೂ ಆಕ್ಷೇಪಣೆಯು ಬಂದಿತು. ಬಂದುದು ಬೇರೊಂದು ದಿಕ್ಕಿನಿಂದ. ಸ್ತ್ರೀಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಗ್ಲೋರಿಯಾ ಸ್ಟೈನೆಮ್ ಎಂಬಾಕೆಯು ಬಾಲ್ಯದಲ್ಲಿ ಈ ಕಥೆಗಳನ್ನು ಓದಿ ಬೆಳೆದವಳು. ಕಥೆಯ ಲೋಕದಲ್ಲಿ ಗಂಡಸರಿಗೆ ಸರಿಸಮನಾಗಿ ನಿಂತಿದ್ದ ಪ್ರಸಿದ್ಧ ನಾಯಿಕೆಯ ಬಲವನ್ನೇ ಕಸಿದುಕೊಂಡರಲ್ಲಾ ಎಂಬುದು ಆಕೆಯ ಕೊರಗು. ಆಕೆ ಮತ್ತು ಆಕೆಯ ಗೆಳತಿಯರು 'ಮಿಸ್' ಎಂಬ ಪತ್ರಿಕೆಯನ್ನು ಹೊರಡಿಸಿದಾಗ, 1972ರ ಜುಲೈ ತಿಂಗಳ ಸಂಚಿಕೆಯ ಮುಖಪುಟದಲ್ಲಿ ಹಳೆಯ ಉಡಿಗೆಯ ವೀರನಾರಿಯೇ ನಿಂತಳು. ಈಕೆಯೇ ರಾಷ್ಟ್ರಾಧ್ಯಕ್ಷಳಾಗಲಿ ಎಂಬ ಘೋಷಣೆಯೂ ಅದರ ಮೇಲಿದ್ದಿತು. 1973ರ ಆರಂಭದಲ್ಲಿ ಡಯಾನಾಳಿಗೆ ಶಕ್ತಿಯೂ ಉಡಿಗೆಯೂ ಮರಳಿ ದೊರೆತವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1942ರ ಹಿರಿಯರು ಬಟ್ಟೆಯು ಸಾಲದೆಂದರು. 1972ರ ಸ್ತ್ರೀಯರು ಅದೇ ಬಟ್ಟೆಯನ್ನು ಹಿಂದಕ್ಕೆ ಕೊಡಿರೆಂದರು. ಎರಡನೆಯವರಿಗೆ ಬೇಕಾಗಿದ್ದುದು ಬಟ್ಟೆಯಲ್ಲ, ಬಟ್ಟೆಯ ಜೊತೆಯಲ್ಲಿ ಹೋದ ಬಲ. ಸೈನಿಕನ ಪದಕವನ್ನು ಕಿತ್ತುಕೊಂಡರೆ ಅವನಿಗೆ ನಷ್ಟವಾಗುವುದು ಲೋಹದ ತುಂಡಲ್ಲವಷ್ಟೆ?

ಚಿತ್ರಪುಸ್ತಕದ ನಾಯಿಕೆಯು ಜೀವಂತ ನಟಿಯರ ಮೂಲಕ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡ ಮೇಲೆ ವಾದವು ಇನ್ನೂ ತೊಡಕಾಯಿತು. 1974ರಲ್ಲಿ ಕ್ಯಾಥಿ ಲೀ ಕ್ರಾಸ್ಬಿ ಎಂಬಾಕೆಯು ಈ ಪಾತ್ರವನ್ನು ಧರಿಸಿದಳು. ಡಯಾನಾಳ ಕೂದಲು ಕಪ್ಪು, ಈಕೆಯದು ಹೊಂಬಣ್ಣದ್ದು. ತೊಟ್ಟುದೂ ಆಟಗಾರರ ಉಡುಪಿನಂಥ ಬೇರೊಂದು ಬಟ್ಟೆ. ಆ ಪ್ರಯತ್ನವು ಮುಂದುವರಿಯಲಿಲ್ಲ. 1975ರ ನವೆಂಬರ್ ತಿಂಗಳಲ್ಲಿ ಲಿಂಡಾ ಕಾರ್ಟರ್ ಎಂಬ ಯುವತಿಯು ಹಳೆಯ ಉಡಿಗೆಯಲ್ಲಿಯೇ ಬಂದಳು. ಈಕೆಯು 1972ರಲ್ಲಿ ಸೌಂದರ್ಯಸ್ಪರ್ಧೆಯೊಂದರಲ್ಲಿ ಗೆದ್ದವಳು. ನಟನೆಯಲ್ಲಿ ಹೆಚ್ಚು ಹೆಸರಾದವಳಲ್ಲ. ಆದರೂ ಗಿರ್ರನೆ ಸುತ್ತಿ ಸಾಧಾರಣ ಹೆಂಗಸಿನಿಂದ ವೀರನಾರಿಯಾಗಿ ಬದಲಾಗುವ ಆಕೆಯ ಭಂಗಿಯನ್ನು ಆ ದೇಶದ ಹುಡುಗಿಯರು ತಮ್ಮ ಮನೆಯಂಗಳಗಳಲ್ಲಿ ಅನುಕರಿಸಿದರು. 1979ರ ವರೆಗೆ ಆ ಕಥಾಮಾಲಿಕೆಯು ನಡೆಯಿತು. ತತ್ಫಲವಾಗಿ, ಚಿತ್ರದ ವಂಡರ್ ವುಮನ್ ಯಾರು, ಲಿಂಡಾ ಕಾರ್ಟರ್ ಯಾರು ಎಂದು ಬೇರ್ಪಡಿಸುವುದೇ ಒಂದು ತಲೆಮಾರಿನವರಿಗೆ ಸಾಧ್ಯವಿಲ್ಲದೆ ಹೋಯಿತು. ಮುಂದೆ ಬರುವ ನಟಿಯರಿಗೆಲ್ಲ ಇದು ದೊಡ್ಡ ಅಡಚಣೆಯಾಯಿತೆಂದು ಬೇರೆ ಹೇಳಬೇಕಾಗಿಲ್ಲ.

2010ನೆಯ ಇಸವಿಗೆ ಬರೋಣ. ಆ ವರ್ಷ ಆಕೆಯ ಪುಸ್ತಕದ 600ನೆಯ ಸಂಚಿಕೆಯು ಹೊರಟಿತು. ಜಿಮ್ ಲೀ ಎಂಬ ಚಿತ್ರಕಾರನು ಆಕೆಗೆ ಕಪ್ಪುಬಣ್ಣದ ಷರಾಯಿಯನ್ನೂ ಗಿಡ್ಡನೆಯ ಕೋಟನ್ನೂ ತೊಡಿಸಿದನು. ಇಷ್ಟು ದಿನ ಬಟ್ಟೆಯು ಕಡಿಮೆಯೆಂದು ದೂರುತ್ತಿದ್ದವರು ಸಂತೋಷಪಡಬೇಕಾಗಿದ್ದಿತು. ಕೆಲವರು ಪಟ್ಟರು, ಓಡಾಡಿ ಕಾದುವವಳಿಗೆ ಇದೇ ತಕ್ಕುದೆಂದರು. ಮತ್ತೆ ಕೆಲವರು, ಇವಳು ನಮ್ಮ ಡಯಾನಾ ಅಲ್ಲ, ಬೀದಿಯಲ್ಲಿ ಹೋಗುವ ಯಾವಳೋ ಒಬ್ಬಳು ಎಂದರು. ಮರುವರ್ಷವೇ, 2011ರಲ್ಲಿ, ಟೆಲಿವಿಷನ್ನಿಗಾಗಿ ಹೊಸ ಕಥಾಮಾಲಿಕೆಯನ್ನು ತಯಾರಿಸುವ ಉದ್ಯಮವು ನಡೆಯಿತು. ಪಾತ್ರಕ್ಕೆ ಆರಿಸಲ್ಪಟ್ಟವಳು ಏಡ್ರಿಯಾನ್ ಪಾಲಿಕಿ. ಮಾರ್ಚ್ ತಿಂಗಳಲ್ಲಿ ಆಕೆಯ ಒಂದು ಭಾವಚಿತ್ರವು ಹೊರಬಿದ್ದಿತು: ಮಿರಮಿರನೆ ಮಿಂಚುವ ನೀಲಿಯ ಷರಾಯಿ, ನೀಲಿಯ ಬೂಟ್ಸು. ಹಬ್ಬದ ವೇಷದ ಅಂಗಡಿಯಿಂದ ಅಗ್ಗಕ್ಕೆ ತಂದಂತಿದೆಯೆಂದು ಅಭಿಮಾನಿಗಳು ಅಂತರ್ಜಾಲದಲ್ಲಿ ಹಾಸ್ಯಮಾಡಿದರು. ಚಿತ್ರೀಕರಣದ ವೇಳೆಗೆ ಬೂಟ್ಸು ಕೆಂಪಾದವು. ಷರಾಯಿಯ ಮೆರುಗು ಇಳಿಯಿತು. ಆದರೂ ಮೇ ತಿಂಗಳಲ್ಲಿ ಟೆಲಿವಿಷನ್ ಸಂಸ್ಥೆಯು ಆ ಕಥಾಮಾಲಿಕೆಯನ್ನು ಕೈಬಿಟ್ಟಿತು. ಪಾಪ, ಆ ನಟಿಯ ಅಭಿನಯವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ನಿರ್ಣಯಿಸುವ ಅವಕಾಶವೇ ಜನಕ್ಕೆ ಒದಗಲಿಲ್ಲ. ಜನರು ವಿಚಾರಣೆ ನಡೆಸಿದುದು ಆಕೆಯ ಷರಾಯಿಯನ್ನು.

ಇಂತಿರಲಾಗಿ 2013ರ ಡಿಸೆಂಬರ್ ತಿಂಗಳು ಬಂದಿತು. ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನರ ದೊಡ್ಡ ಚಲನಚಿತ್ರವೊಂದರಲ್ಲಿ ವಂಡರ್ ವುಮನ್ನಳ ಪಾತ್ರವು ಇಸ್ರೇಲ್ ದೇಶದ ಗಾಲ್ ಗಡೊಟ್ ಎಂಬ ನಟಿಗೆ ಸಲ್ಲುವುದೆಂದು ಪ್ರಕಟವಾಯಿತು. 1985ರಲ್ಲಿ ಹುಟ್ಟಿದ ಈಕೆಯು 2004ರಲ್ಲಿ ತನ್ನ ದೇಶದ ಸುಂದರಿಯೆಂದು ಆರಿಸಲ್ಪಟ್ಟವಳು. ಅಲ್ಲಿಯ ನಿಯಮದಂತೆ ಎರಡು ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸಿದವಳು. ಮೋಟಾರುಗಳ ಓಟದ ಚಿತ್ರಗಳಲ್ಲಿ ಪಾತ್ರವಹಿಸಿದವಳು. ಸುದ್ದಿಯು ಹೊರಬಿದ್ದ ಕ್ಷಣದಿಂದ ಅಂತರ್ಜಾಲದಲ್ಲಿ ಗದ್ದಲವೆದ್ದಿತು. ಇವಳು ಕಡ್ಡಿಯಂತೆ ತೆಳ್ಳಗಿದ್ದಾಳೆ, ಅಮೆಜಾನ್ ಕುಲದ ಯೋಧಳಾಗುವ ಕಟ್ಟು ಇವಳಿಗೆಲ್ಲಿದೆ ಎಂದು ಕೆಲವರು. ಎದೆಯ ತುಂಬು ಸಾಲದು ಎಂದು ಕೆಲವರು ನಾಚಿಕೆಯಿಲ್ಲದೆ ಬರೆದರು. ಇಸ್ರೇಲಿನ ಟೆಲಿವಿಷನ್ ಸಂದರ್ಶನವೊಂದರಲ್ಲಿ ಈ ವಿಷಯವನ್ನು ಕೇಳಿದಾಗ ಶ್ರೀಮತಿ ಗಡೊಟ್ ಕೊಟ್ಟ ಉತ್ತರವು ಮೆಚ್ಚತಕ್ಕದ್ದು. ಬಿಲ್ಲನ್ನು ಸುಲಭವಾಗಿ ಎಳೆಯಲೆಂದು ಅಮೆಜಾನ್ ಸ್ತ್ರೀಯರು ಒಂದು ಸ್ತನವನ್ನು ತೆಗೆದುಬಿಡುತ್ತಿದ್ದರೆಂದು ಐತಿಹ್ಯವಿರುವುದು. ಐತಿಹ್ಯದಂತೆಯೇ ನಡೆದುಕೊಳ್ಳಬೇಕೆಂದರೆ ನಿಜವಾದ ಪೇಚಾಟವು ಆಗ ಬಂದೀತು ಎಂಬರ್ಥದ ಮಾತನ್ನಾಡಿ ಆಕೆಯು ನಕ್ಕುಬಿಟ್ಟಳು. ನಕ್ಕು ಸುಮ್ಮನಾಗದೆ ಕತ್ತಿವರಸೆಯನ್ನೂ ಮಲ್ಲವಿದ್ಯೆಗಳನ್ನೂ ತಿಂಗಳುಗಟ್ಟಲೆ ಅಭ್ಯಾಸಮಾಡಿ ಮೈಯನ್ನು ಗಟ್ಟಿಮಾಡಿಕೊಂಡಳು.

2014ರ ಜುಲೈ ತಿಂಗಳಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಅಭಿಮಾನಿಗಳ ವಾರ್ಷಿಕ ಮಹಾಸಮ್ಮೇಳನವು ನಡೆದಾಗ, ನಿರ್ದೇಶಕ ಜಾಕ್ ಸ್ನೈಡರನು ಆಕೆಯ ವೇಷದ ಮೊದಲ ಚಿತ್ರವನ್ನು ತೋರಿಸಿದನು. ಕೈಯಲ್ಲಿ ಕತ್ತಿ, ಮೈಮೇಲೆ ಯೋಧರ ಕವಚ. ಆದರೆ ಕೆಂಪೆಲ್ಲಿ, ನೀಲಿಯೆಲ್ಲಿ? ಎಲ್ಲವೂ ಮಾಸಿದ ಕಂದುಬಣ್ಣದಲ್ಲಿ ಮುಳುಗಿದ್ದವು. ಇದು ಗ್ರೀಕರ ಕಾಲದ ಯೋಧಳಿಗೆ ಒಪ್ಪುವ ಉಡಿಗೆಯೆಂದು ಹಲವರು ಹೊಗಳಿದರು. ಆಕೆಯ ಉಲ್ಲಾಸವನ್ನೇ ಒರೆಸಿಹಾಕಿದಿರೆಂದು ಹಲವರು ಮರುಗಿದರು. ಈ ಎರಡನೆಯ ದೂರಿನಲ್ಲಿ ಸತ್ಯಾಂಶವಿದ್ದಿತೆಂದು ನಮಗೆ ತೋರುವುದು. ಏಕೆಂದರೆ ಆ ನಾಯಿಕೆಯು ಕತ್ತಲೆಯ ಸಂತತಿಯಲ್ಲ, ಬೆಳಕನ್ನು ನಂಬಿದವಳು. ಬಣ್ಣವು ಆಕೆಯ ಸ್ವಭಾವದ ಒಂದು ಅಂಶ.

2016ರ ಮಾರ್ಚ್ ತಿಂಗಳಲ್ಲಿ ಆ ಚಿತ್ರವು ಬಂದಿತು. ವಿಮರ್ಶಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ಕೊನೆಯ ಕಾಳಗದಲ್ಲಿ ಡಯಾನಾ ಧುಮುಕಿ ಶತ್ರುವಿನ ಏಟನ್ನು ತಡೆದು ನಿಂತಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಕಡ್ಡಿಯೆಂದು ಜರೆದವರಲ್ಲಿ ಎಷ್ಟೋ ಮಂದಿ ಚಿತ್ರದಲ್ಲಿ ನೋಡತಕ್ಕದ್ದೆಂದರೆ ಆಕೆಯೊಬ್ಬಳೇ ಎಂದು ಹೇಳತೊಡಗಿದರು.

ಆಕೆಯದೇ ಕಥೆಯುಳ್ಳ ಚಿತ್ರವು 2017ರ ಜೂನ್ ತಿಂಗಳಲ್ಲಿ ತೆರೆಕಂಡಿತು. ನಮ್ಮ ದೇಶದ ಚಿತ್ರಮಂದಿರಗಳಿಗೂ ಅದು ಆ ತಿಂಗಳಲ್ಲಿಯೇ ಬಂದಿತು. ಪ್ಯಾಟಿ ಜೆಂಕಿನ್ಸ್ ಎಂಬ ಸ್ತ್ರೀಯು ಅದರ ನಿರ್ದೇಶಕಿ; ಉಡಿಗೆಗಳನ್ನು ರೂಪಿಸಿದವಳು ಲಿಂಡಿ ಹೆಮಿಂಗ್. ಮಾಸಿದ್ದ ಕವಚಕ್ಕೆ ಕೆಂಪು, ನೀಲಿ, ಚಿನ್ನಗಳು ಮತ್ತೆ ಏರಿದವು. ಕಥೆಯು ಮೊದಲನೆಯ ಮಹಾಯುದ್ಧದ ಕಾಲದ್ದು. ಲಂಡನ್ ನಗರದಲ್ಲಿ ಆಕೆಗೆ ಆ ಕಾಲದ ಹೆಂಗಸರ ಉಡುಪನ್ನು ತೊಡಿಸಲು ಅಂಗಡಿಗೆ ಕರೆದೊಯ್ಯುವ ವಿನೋದದ ಪ್ರಸಂಗವೊಂದುಂಟು. ಒಂದೊಂದು ಬಿಗಿಯಾದ ಅಂಗಿಯನ್ನೂ ತೊಟ್ಟು, ಕಾಲನ್ನೆತ್ತಿ ನೋಡಿ, ಇದನ್ನು ತೊಟ್ಟು ಹೆಂಗಸು ಕಾದುವುದು ಹೇಗೆಂದು ಆಕೆಯು ಮುಗ್ಧಳಾಗಿ ಕೇಳುವಳು. ನೂರು ಲೇಖನಗಳು ಹೇಳಲಾರದುದನ್ನು ಆ ಒಂದು ಪ್ರಶ್ನೆಯು ಹೇಳಿತು. ಉಡಿಗೆಯನ್ನು ನೋಡುವವರು ಚೆಂದವೇ ಎಂದು ಕೇಳುವರು; ತೊಟ್ಟವಳು ಇದರಲ್ಲಿ ಕೈಕಾಲು ಆಡುವುದೇ ಎಂದು ಕೇಳುವಳು.

ಅದರ ಮುಂದಿನ ಪ್ರಸಂಗವೇ ಚಿತ್ರದ ಪ್ರಾಣ. ಎರಡು ಸೈನ್ಯಗಳ ಕಂದಕಗಳ ನಡುವೆ ಯಾರೂ ಕಾಲಿಡಲಾರದ ಬಯಲು. ಆಚೆಯ ಹಳ್ಳಿಯಲ್ಲಿ ಹಸಿದ ಜನರ ಗೋಳು. ಇದು ನಮ್ಮಿಂದಾಗದ ಕೆಲಸವೆಂದು ಗಂಡಸರು ಹೇಳುತ್ತಿರುವಾಗ ಡಯಾನಾ ತನ್ನ ಹೊರಗಿನ ನಿಲುವಂಗಿಯನ್ನು ಕಳಚಿ ಏಣಿಯನ್ನೇರುವಳು. ಆಕೆಯ ಉಡಿಗೆಯು ಪ್ರೇಕ್ಷಕರಿಗೆ ಸಂಪೂರ್ಣವಾಗಿ ಕಾಣುವುದು ಆಗಲೇ. ಎಂದರೆ, ಉಡಿಗೆಯು ಪ್ರಕಟವಾದುದೂ ಕಾರ್ಯವು ಪ್ರಾರಂಭವಾದುದೂ ಒಂದೇ ಕ್ಷಣದಲ್ಲಿ. ಬಟ್ಟೆಯು ಸಾಲದೇ, ಹೆಚ್ಚೇ, ಕಂದೋ, ಕೆಂಪೋ ಎಂಬ ಯೋಚನೆಯು ಆಗ ಯಾರ ತಲೆಯಲ್ಲಿಯೂ ಉಳಿಯಲಿಲ್ಲ. ಅನೇಕ ಸ್ತ್ರೀಯರು ಆ ದೃಶ್ಯದಲ್ಲಿ ತಮಗೆ ಕಣ್ಣೀರು ಬಂದಿತೆಂದು ಬರೆದರು. ಲೋಕದಾದ್ಯಂತ ಆ ಚಿತ್ರಕ್ಕೆ 82 ಕೋಟಿ ಡಾಲರುಗಳಿಗೂ ಮೀರಿದ ಆದಾಯವು ಬಂದಿತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕೆಲವು ದೃಶ್ಯಗಳನ್ನು ಮರಳಿ ತೆಗೆಯಬೇಕಾದಾಗ ಶ್ರೀಮತಿ ಗಡೊಟ್ ಐದು ತಿಂಗಳ ಗರ್ಭಿಣಿಯಾಗಿದ್ದಳು. ಕವಚದ ಮುಂಭಾಗವನ್ನು ಕತ್ತರಿಸಿ, ಅಲ್ಲಿಗೆ ಹಸುರು ಬಟ್ಟೆಯನ್ನು ಹೊಲಿದು, ಆಮೇಲೆ ಯಂತ್ರಗಳ ಸಹಾಯದಿಂದ ಚಿತ್ರವನ್ನು ಸರಿಪಡಿಸಿದರು. ಯಾವ ಮೈಯನ್ನು ಬಲವಿಲ್ಲದ ಮೈಯೆಂದು ಹೀಗಳೆದಿದ್ದರೋ ಆ ಮೈಯೇ ಮಗುವನ್ನು ಹೊತ್ತು ಕಾಳಗದ ದೃಶ್ಯಗಳಲ್ಲಿ ನಿಂತಿದ್ದಿತು!

ಹಾಗೆಂದು ಆಕ್ಷೇಪಣೆಗಳೆಲ್ಲ ಅಡಗಿದವೆಂದು ತಿಳಿಯಲಾಗದು. ನಟಿಯು ಇಸ್ರೇಲಿನವಳೆಂಬ ಕಾರಣದಿಂದ ಲೆಬನಾನ್ ದೇಶವು ಆ ಚಿತ್ರವನ್ನು 2017ರಲ್ಲಿ ನಿಷೇಧಿಸಿತು. ಅದು ಉಡಿಗೆಯ ಜಗಳವಲ್ಲ, ರಾಜ್ಯಗಳ ಜಗಳ. ಪ್ರಸಿದ್ಧ ನಿರ್ದೇಶಕ ಜೇಮ್ಸ್ ಕ್ಯಾಮರನ್, ಈ ನಾಯಿಕೆಯು ಕಣ್ಣಿಗೆ ಹಬ್ಬವಾಗುವ ಗೊಂಬೆಯಾದಳೇ ಹೊರತು ಹೆಣ್ಣಿನ ವಿಷಯದಲ್ಲಿ ಮುಂದಡಿಯಿಟ್ಟಂತಾಗಲಿಲ್ಲ ಎಂಬ ಅಭಿಪ್ರಾಯವನ್ನು ಅದೇ ವರ್ಷ ಕೊಟ್ಟನು. ಬಲಶಾಲಿಯಾಗಿ ಕಾಣಬೇಕಾದರೆ ಹೆಣ್ಣು ಯಾವಾಗಲೂ ಒರಟಾಗಿಯೇ ಇರಬೇಕೆಂದರೆ ನಾವು ಹೆಚ್ಚು ದೂರ ಬಂದಿಲ್ಲವೆಂದಾಯಿತು ಎಂಬಂತೆ ಪ್ಯಾಟಿ ಜೆಂಕಿನ್ಸಳು ಉತ್ತರವಿತ್ತಳು. ಆ ವರ್ಷದ ನವೆಂಬರ್ ತಿಂಗಳಲ್ಲಿ ವೀರರೆಲ್ಲರೂ ಕೂಡಿದ ಮತ್ತೊಂದು ಚಿತ್ರವು ಬಂದಾಗ, ಅದರಲ್ಲಿ ಕೆಲವು ಅಮೆಜಾನ್ ಸ್ತ್ರೀಯರ ಹೊಟ್ಟೆಯ ಮೇಲಿನ ಕವಚವು ಮಾಯವಾಗಿದ್ದಿತು. ಎರಡು ಚಿತ್ರಗಳ ಪಟಗಳನ್ನು ಪಕ್ಕಪಕ್ಕದಲ್ಲಿಟ್ಟು ಅಭಿಮಾನಿಗಳು ಇದನ್ನು ತೋರಿಸಿದರು: ಕತ್ತಿಯ ಮುಂದೆ ನಿಲ್ಲುವವಳ ಹೊಟ್ಟೆಯನ್ನು ಬರಿದು ಬಿಡುವ ಸೈನ್ಯವುಂಟೇ? ಈ ಪ್ರಶ್ನೆಯು ನ್ಯಾಯವಾದುದೆಂದು ಯಾರೂ ಒಪ್ಪಬೇಕು.

ಎಲ್ಲಕ್ಕಿಂತ ವಿಚಾರಾರ್ಹವಾದ ಘಟನೆಯು ನಡೆದುದು ವಿಶ್ವಸಂಸ್ಥೆಯಲ್ಲಿ. ಆಕೆಗೆ 75 ವರ್ಷ ತುಂಬಿದ ನೆಪದಲ್ಲಿ, 2016ರ ಅಕ್ಟೋಬರ್ 21ರಂದು, ಸ್ತ್ರೀಯರ ಮತ್ತು ಬಾಲಿಕೆಯರ ಏಳ್ಗೆಯ ಗೌರವ ರಾಯಭಾರಿಣಿಯೆಂದು ವಂಡರ್ ವುಮನ್ನಳನ್ನು ನ್ಯೂಯಾರ್ಕಿನಲ್ಲಿ ಘೋಷಿಸಲಾಯಿತು. ಲಿಂಡಾ ಕಾರ್ಟರ್ ಮತ್ತು ಗಾಲ್ ಗಡೊಟ್ ಇಬ್ಬರೂ ಸಮಾರಂಭಕ್ಕೆ ಬಂದಿದ್ದರು. ಆಗ ವಿಶ್ವಸಂಸ್ಥೆಯ ನೌಕರರಲ್ಲಿ ಹಲವರು ವೇದಿಕೆಗೆ ಬೆನ್ನು ತಿರುಗಿಸಿ ಮೌನವಾಗಿ ಪ್ರತಿಭಟಿಸಿದರು. ಸುಮಾರು 45,000 ಜನರು ಸಹಿಮಾಡಿದ ಬಿನ್ನವತ್ತಳೆಯೂ ಹೊರಟಿತು. ಲೋಕದ ಎಲ್ಲ ಜನಾಂಗಗಳ ಬಾಲಿಕೆಯರಿಗೆ ಅಮೆರಿಕಾದ ಧ್ವಜದ ತುಂಡನ್ನು ತೊಟ್ಟ ಬಿಳಿಯ ಹೆಣ್ಣೇ ಮಾದರಿಯೇ ಎಂಬುದು ಒಂದು ದೂರು. ಇನ್ನೊಂದು ಅದಕ್ಕಿಂತ ಆಳವಾದುದು. ಅದೇ ತಿಂಗಳಲ್ಲಿ ಮಹಾಕಾರ್ಯದರ್ಶಿಯ ಪದವಿಗೆ ಸ್ಪರ್ಧಿಸಿದ 13 ಮಂದಿಯಲ್ಲಿ 7 ಜನ ಸ್ತ್ರೀಯರಿದ್ದರೂ ಆರಿಸಲ್ಪಟ್ಟವನು ಒಬ್ಬ ಪುರುಷ. ನಿಜವಾದ ಹೆಂಗಸರಿಗೆ ಪೀಠವಿಲ್ಲ, ಕಾಗದದ ಹೆಂಗಸಿಗೆ ಪದವಿಯೇ ಎಂಬ ನೋವು ಆ ಬೆನ್ನುಗಳ ಹಿಂದೆ ಇದ್ದಿತು. ಎರಡು ತಿಂಗಳು ತುಂಬುವುದಕ್ಕೆ ಮೊದಲೇ, ಡಿಸೆಂಬರಿನಲ್ಲಿ, ಆ ರಾಯಭಾರವು ಮುಗಿಯಿತು.

ಈ ಎಲ್ಲ ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಅಭಿಮಾನಿಗಳ ದೂರುಗಳು ಒಂದೇ ಜಾತಿಯವಲ್ಲವೆಂಬುದು ಸ್ಪಷ್ಟವಾಗುವುದು. ಕೆಲವು ದೂರುಗಳು ಅರ್ಥಕ್ಕೆ ಸಂಬಂಧಿಸಿದವು. ಆಕೆಯ ಬಲವನ್ನೇಕೆ ಕಸಿದಿರಿ? ಬಣ್ಣವನ್ನೇಕೆ ಒರೆಸಿದಿರಿ? ಯೋಧಳ ಹೊಟ್ಟೆಯನ್ನೇಕೆ ತೆರೆದಿರಿ? ಚಿತ್ರವನ್ನು ಮುಂದಿಟ್ಟು ನಿಜವಾದ ಸ್ತ್ರೀಯರನ್ನೇಕೆ ಮರೆತಿರಿ? ಇವು ಪ್ರೀತಿಯಿಂದಲೂ ವಿವೇಕದಿಂದಲೂ ಹುಟ್ಟಿದ ಪ್ರಶ್ನೆಗಳು. ಕೇಳಿದುದರಿಂದ ಒಳ್ಳೆಯದೇ ಆಯಿತು. 1973ರಲ್ಲಿ ಶಕ್ತಿಯು ಮರಳಿತು, 2017ರಲ್ಲಿ ಬಣ್ಣವು ಮರಳಿತು. ಇನ್ನು ಕೆಲವು ದೂರುಗಳು ಮೈಗೆ ಸಂಬಂಧಿಸಿದವು. ತೋಳು ಸಣ್ಣದು, ಎದೆ ಸಾಲದು, ಕೂದಲಿನ ಬಣ್ಣ ಬೇರೆ. ಇವುಗಳಿಂದ ಯಾರಿಗೂ ಯಾವ ಪ್ರಯೋಜನವೂ ಆಗಲಿಲ್ಲ. ನಟಿಯು ಗಟ್ಟಿಗಳಾದುದರಿಂದ ನಕ್ಕು ನಿಂತಳು. ಎಲ್ಲರೂ ಹಾಗೆ ನಿಲ್ಲಬಲ್ಲರೇ?

ಇದು ದೂರದ ದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಗಳಿಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿಗಳನ್ನು ಮುಗಿಸಿ ಏನನ್ನು ವಿಚಾರಿಸುವರು? ಬಣ್ಣವು ಕಪ್ಪೇ, ಎತ್ತರವು ಸಾಲದೇ, ಮೈಕಟ್ಟು ತೆಳುವೇ ಎಂದಲ್ಲವೇ? ಆ ಹುಡುಗಿಯು ಏನನ್ನು ಓದಿರುವಳು, ಕಷ್ಟವು ಬಂದಾಗ ಹೇಗೆ ನಿಂತಳು, ಮನೆಯ ಭಾರವನ್ನು ಹೇಗೆ ಹೊತ್ತಳು ಎಂಬುದು ಎರಡನೆಯ ಪ್ರಶ್ನೆ. ಅನೇಕ ವೇಳೆ ಕೇಳದೆಯೇ ಉಳಿಯುವ ಪ್ರಶ್ನೆ. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುವ ತಂಗಿಯು ತನ್ನನ್ನೂ ನಾಳೆ ಹೀಗೆಯೇ ಅಳೆಯುವರೆಂದು ಅಂದೇ ಕಲಿತುಬಿಡುವಳು. ಅಭಿಮಾನಿಗಳು ಅಂತರ್ಜಾಲದಲ್ಲಿ ಬರೆದುದನ್ನು ಓದಿದ ಅಮೆರಿಕಾದ ಹುಡುಗಿಯು ಕಲಿತುದೂ ಅದೇ ಪಾಠವಲ್ಲವೇ? ಲೋಕವನ್ನೇ ಎತ್ತಬಲ್ಲವಳ ತೋಳನ್ನು ಸಹ ಮೊದಲು ತೂಗಿ ನೋಡುವರು ಎಂಬ ಪಾಠ.

ಆದಕಾರಣ ಮನೆಯ ಹಿರಿಯರು ಒಂದು ಸಣ್ಣ ಅಭ್ಯಾಸವನ್ನು ಮಾಡಿಕೊಂಡರೆ ಒಳ್ಳೆಯದು. ಮಕ್ಕಳು ಇಂಥ ಚಿತ್ರವೊಂದನ್ನು ನೋಡಿ ಬಂದಾಗ ನಾಯಿಕೆಯು ಹೇಗಿದ್ದಳೆಂದು ಕೇಳುವ ಬದಲು ಏನು ಮಾಡಿದಳೆಂದು ಕೇಳಿರಿ. ಉಡಿಗೆಯ ವಿಷಯವನ್ನು ಮಾತನಾಡಲೇಬಾರದೆಂದಲ್ಲ. ಅದು ಆಕೆಯ ಕಾರ್ಯಕ್ಕೆ ಒಪ್ಪುವುದೇ ಎಂದು ಮಾತನಾಡೋಣ. 1942ರಲ್ಲಿ ಹತ್ತು ಸೆಂಟಿನ ಪುಸ್ತಕವನ್ನೋದಿದ ಆ 1,598 ಮಕ್ಕಳು ಆಕೆಯನ್ನು ಸಂಘಕ್ಕೆ ಸೇರಿಸಿಕೊಳ್ಳಿರೆಂದಾಗ ಅವರು ಕಂಡುದು ಲಂಗವನ್ನೂ ಅಲ್ಲ, ಚಲ್ಲಣವನ್ನೂ ಅಲ್ಲ. ಗುಂಡಿಗೆ ಎದುರಾಗಿ ಕೈಯೆತ್ತಿದ ಹೆಣ್ಣನ್ನು. ನೋಟವು ಪರರಿಚ್ಛೆಯೇ ಆಗಿರಲಿ. ಆದರೆ ಆ ಪರರು ನಾವೇ ಆಗಿರುವಾಗ, ಏನನ್ನು ನೋಡಬೇಕೆಂಬುದು ನಮ್ಮ ಇಚ್ಛೆಗೆ ಸೇರಿದುದಲ್ಲವೇ?